ಮಲ್ಲೂನ ಜವಳ

ಬೇವಿನೆಣ್ಣೆಯಲ್ಲಿ ಬೆಳ್ಳುಳ್ಳಿ ಕಾಯಿಸಿದ ವಾಸನೆ ಎಲ್ಲಿಂದ ಬಂದರೂ ನನಗೆ ಸೇಡಂನ ನಮ್ಮ ಹಳೆಯ ಮನೆ ನೆನಪಾಗುತ್ತದೆ, ಹಿಂದೆಯೇ ಸಿಟ್ಟೂ ಬರುತ್ತದೆ. ಪರಸಿ ಕಲ್ಲು ಹಾಸಿದ ತಂಪು ಪಡಸಾಲೆಯಲ್ಲಿ ಅಪ್ಪನ ತಾಯಿ, ನಮ್ಮ ಆಯಿ, ಕಾಲು ಚಾಚಿ ಕೂತು ನನ್ನ ತಮ್ಮ ಮಲ್ಲೂನನ್ನು ಒತ್ತಿ ಹಿಡಿದು ತಲೆಗೆ ಆ ಎಣ್ಣೆ ಮೆತ್ತುತ್ತಿದ್ದಳು. ಇನ್ನೂ ಜವಳವಾಗದ ಕೂಸು ಅದು. ಹುಟ್ಟಿದಾಗಿನ ಕೂದಲು ಹೆಗಲಿಗೆ ಇಳಿದಿತ್ತು. ಅದರೊಳಗೆ ನೆತ್ತಿಯ ಹಿಂದೆ ಒಂದು ಹುಣ್ಣು, ಕೀವು ಸೋರಿ ಕೂದಲೆಲ್ಲ ಅಂಟಿಕೊಂಡಿತ್ತು. ಎಣ್ಣೆ ತಾಗಿದೊಡನೆ ಅವನು ಚೀರುವುದು ಓಣಿಗೆಲ್ಲ ಕೇಳುತ್ತಿತ್ತು.

ದವಾಖಾನೆಗೆ ತೋರಿಸಲಿಲ್ಲವೆಂದಲ್ಲ. ಅವ್ವ ತೋರಿಸಿದ್ದಳು. “ಹುಳಕಡ್ಡಿ ಒಳಗಿಳದು ಹುಣ್ಣಾಗ್ಯಾದ. ಕೂದಲ ತೆಗಸ್ರಿ, ಗುಳಿಗಿ ಇವತ್ತೇ ಶುರು ಮಾಡ್ರಿ. ತಡ ಆದ್ರ ಅಲ್ಲಿ ಮತ್ತ ಕೂದಲ ಬರಂಗಿಲ್ಲ” ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಆದರೆ ನಮ್ಮಲ್ಲಿ ಸೋದರಮಾವ ತೊಡೆಯ ಮೇಲೆ ಕೂಡಿಸಿಕೊಳ್ಳದೆ ಮಗುವಿನ ತಲೆಗೆ ಮೊದಲ ಕತ್ತರಿ ತಾಗಿಸುವಂತಿಲ್ಲ. ಆಯಿ ತನ್ನದೂ ಒಂದು ಸೇರಿಸಿದಳು: “ದೇವರ ಕೂದಲದು, ಜವಳ ಆದಮ್ಯಾಲ ಗುಳಿಗಿ ಕೊಟ್ಟರಾಯ್ತು ತಡಿ.” ಗುಳಿಗೆಗಳು ಗೋಡೆಯ ಗೂಡು ಸೇರಿದವು.

ಮಾಮಾ ಇದ್ದದ್ದು ಕೊಡ್ಲಿ ಎಂಬ ಊರಲ್ಲಿ. ಬೆಳಿಗ್ಗೆ ಬಸ್ ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಬರಬಹುದು. ಬರಲಿಲ್ಲ. ಅಪ್ಪನ ತಂಗಿಯ ಮದುವೆಯಲ್ಲಿ ಅವನ ತಲೆಗೆ ಮರ್ಯಾದೆಯ ರುಮಾಲು ಸುತ್ತದೆ ಬರೀ ಟವೆಲ್ ಹೊದಿಸಿದ್ದರಂತೆ! “ಭಾವ ಖುದ್ದ ಬಂದು ಕರೀಲಿ” ಎಂದು ಹೇಳಿ ಕಳಿಸಿದ. ಅಪ್ಪನೇನು ಕಮ್ಮಿಯೇ? “ಕೂಸು ಅವನ ಅಳಿಯ ಅಲ್ಲೇನು? ಕರೀಲಿಕ್ಕಿ ನಾ ಯಾಕ ಹೋಗ್ಲಿ?” ಎಂದು ಕೂತ. ಅವ್ವ ಇಬ್ಬರಿಗೂ ಹೇಳಿ ಹೇಳಿ ಸೋತು ಕೊನೆಗೆ ಊಟ ಬಿಟ್ಟಳು. ಆಗ ಅಪ್ಪ ಗೊಣಗುತ್ತ ಹೋಗಿ ಕರೆತಂದ. ಮಾಮಾ ಹೊಸ ರುಮಾಲು ಸುತ್ತಿಸಿಕೊಂಡು ಮಲ್ಲೂನನ್ನು ತೊಡೆಯ ಮೇಲೆ ಕೂಡಿಸಿಕೊಂಡ. ಕ್ಷೌರಿಕ ಹಿಂದಿನ ಕೂದಲು ಹಿಡಿದೆತ್ತಿದರೆ, ಕತ್ತರಿ ತಾಗುವ ಮೊದಲೇ ಅದು ಹಕ್ಕಳೆಯ ಸಮೇತ ಕೈಗೆ ಬಂತು. ಮಾಮಾ ರುಮಾಲು ತೆಗೆದಿಟ್ಟು, “ನನ್ನ ಸಲುವಾಗಿ ಹಿಂಗಾಯ್ತಲ್ಲ” ಎಂದು ಎಲ್ಲರೆದುರು ಅತ್ತ. ಅಂದೇ ಗುಳಿಗೆ ಶುರುವಾಯಿತು. ಹುಣ್ಣು ಮಾಯಿತು, ಕೂದಲು ಬರಲಿಲ್ಲ.

ಮಲ್ಲು ಈಗ ವಾಡಿಯಲ್ಲಿ ನೌಕರಿ ಮಾಡುತ್ತಾನೆ. ಅಂಗೈಯಗಲದ ಆ ಬೋಳಿಗೆ ಬಿಸಿಲಿರಲಿ ನೆರಳಿರಲಿ ಟೊಪ್ಪಿಗೆ ಬೇಕು. ಪೇಟೆಗೆ ಬಂದ ಹೊಸ ಎಣ್ಣೆಗೆಲ್ಲ ಆಸೆಪಡುತ್ತಾನೆ. ಮೊನ್ನೆ ಕಲಬುರಗಿಯ ಚರ್ಮದ ಡಾಕ್ಟರು ಭೂತಗನ್ನಡಿ ಹಿಡಿದು ನೋಡಿ, ಕೂದಲ ಬೇರೇ ಸತ್ತಿದೆ, ಯಾವ ಎಣ್ಣೆಯಿಂದಲೂ ಉಪಯೋಗವಿಲ್ಲ ಎಂದರು. ಹೊರಗೆ ಬಂದಾಗ ನನ್ನ ಮುಖ ನೋಡಿ ಅವನೇ ಸಮಾಧಾನ ಹೇಳಿದ: “ಹೋಗ್ಲಿ ಬಿಡಕ್ಕ. ಪಾಪ, ಅವರಿಗೇನು ಗೊತ್ತಿತ್ತು?”

ಗೊತ್ತಿತ್ತು. ಅದೇ ನನ್ನ ಸಂಕಟ. ಕೂಸನ್ನು ಕಣ್ಣಲ್ಲಿ ಕಣ್ಣಿಟ್ಟು ಸಾಕಿದ ಜನರೇ ಗೊತ್ತಿದ್ದೂ ಕೂತರು. ಎಲ್ಲರನ್ನೂ ಎದುರು ನಿಲ್ಲಿಸಿಕೊಂಡು ಬಾಯಿಗೆ ಬಂದಂತೆ ಬಯ್ಯಬೇಕೆನಿಸುತ್ತದೆ. ನಿಮ್ಮ ಮನೆಯಲ್ಲೂ ಇಂಥವರು ಇದ್ದಿರಬೇಕು, ನಿಮಗೆ ತಿಳಿದೀತು. ಆದರೆ ನಮ್ಮ ಮನೆ ರಸ್ತೆ ಅಗಲವಾಗುವಾಗ ಹೋಯಿತು. ಆಯಿ, ಅಪ್ಪ, ಮಾಮಾ, ಕೊನೆಗೆ ಅವ್ವ, ಒಬ್ಬೊಬ್ಬರಾಗಿ ಹೋದರು. ಜಗಳಾಡಲಿಕ್ಕಾದರೂ ಒಬ್ಬರು ಇರಬೇಕಿತ್ತು.