ನಮೂನೆಯಲ್ಲಿ ಇಲ್ಲದ ಕಾಲಂ

ಮೊನ್ನೆ ಮಂಡಿ ಮೊಹಲ್ಲಾದ ಸ್ಟೇಷನರಿ ಅಂಗಡಿಯಲ್ಲಿ ಕೆಂಪು ಶಾಯಿಯ ಬಾಟಲಿಯೊಂದು ಸೋರಿತ್ತು. ಅಂಗಡಿಯವರು ಗೊಣಗುತ್ತಾ ಒರೆಸುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಮೇಡಂ ನೆನಪಾದರು. ನಾನು ಜೈಲಿನ ಕಚೇರಿಗೆ ಗುಮಾಸ್ತೆಯಾಗಿ ಸೇರಿದಾಗ ಅವರು ಅಲ್ಲಿ ಹೆಡ್ ಕ್ಲರ್ಕ್. ಯಾವ ಜೈಲು ಎಂಬುದು ಬೇಡ. ಇಬ್ಬರೂ ಮೈಸೂರಿನಿಂದ ಒಂದೇ ಬಸ್ಸಿನಲ್ಲಿ ಹೋಗಿಬರುತ್ತಿದ್ದೆವು. ಮೇಡಂ ಒಕ್ಕಲು ಮನೆತನದಿಂದ ಬಂದವರು, ಕಚೇರಿಯಲ್ಲೂ ಹಳ್ಳಿಯ ಮಾತನ್ನೇ ಆಡುತ್ತಿದ್ದರು...

ತಿಂಗಳಿಗೊಮ್ಮೆ ಮೇಲಿನ ಕಚೇರಿಗೆ ಕೈದಿಗಳ ಲೆಕ್ಕದ ತಃಖ್ತೆ ಕಳಿಸಬೇಕಿತ್ತು. ಶಿಕ್ಷೆಯಾದವರು ಎಷ್ಟು, ವಿಚಾರಣೆ ಮುಗಿಯದವರು ಎಷ್ಟು, ಒಟ್ಟು ಎಷ್ಟು. ಆ ಒಟ್ಟು ಏರುತ್ತಲೇ ಇತ್ತು. ದೇಶದ ಜೈಲುಗಳೆಲ್ಲ ಹೀಗೇ ತುಂಬಿ ತುಳುಕುತ್ತಿವೆ ಎಂದು ಪೇಪರಿನಲ್ಲೂ ಬರುತ್ತಿತ್ತು. ಜನ ಕೆಟ್ಟುಹೋಗಿದ್ದಾರೆ, ಇನ್ನೊಂದು ಬ್ಯಾರಕ್ ಕಟ್ಟಬೇಕು ಎನ್ನುತ್ತಿದ್ದರು ನಮ್ಮ ಸಾಹೇಬರು. ನಾನೂ ಹೌದು ಹೌದು ಎಂದು ತಲೆಯಾಡಿಸುತ್ತಿದ್ದೆ. ಮೇಡಂ ಮಾತ್ರ ಒಳಬಂದವರ ರಿಜಿಸ್ಟರನ್ನೂ ಬಿಡುಗಡೆಯಾದವರ ರಿಜಿಸ್ಟರನ್ನೂ ಅಕ್ಕಪಕ್ಕ ಇಟ್ಟುಕೊಂಡು ವಾರಗಟ್ಟಲೆ ಕೂತರು.

"ಒಳಗ್ ಬರೋರು ಜಾಸ್ತಿ ಆಗಿಲ್ಲ ಕಣಮ್ಮ. ಆಚೆ ಹೋಗೋರು ಕಮ್ಮಿ ಆಗವ್ರೆ," ಎಂದರು ಒಂದು ದಿನ.

ಜಾಮೀನು ಸಿಕ್ಕಿದ್ದರೂ ಶ್ಯೂರಿಟಿಗೆ ನಿಲ್ಲುವವರಿಲ್ಲದೆ ಎಷ್ಟೋ ಜನ ಒಳಗೇ ಉಳಿದಿದ್ದರು. ಕಡಕೊಳದ ಕಾರ್ಖಾನೆಯೊಂದರಲ್ಲಿ ಮೂಟೆ ಹೊರುತ್ತಿದ್ದ ಒಬ್ಬನಿಗೆ ದಸರೆಗೆ ಮೊದಲೇ ಜಾಮೀನಾಗಿತ್ತು. ಯುಗಾದಿ ಕಳೆದರೂ ಬಿಡುಗಡೆಯಿಲ್ಲ. ಶ್ಯೂರಿಟಿಗೆಂದು ಜಮೀನಿನ ಪಹಣಿ ತಂದು ತೋರಿಸುವಂಥ ಒಬ್ಬ ನೆಂಟನೂ ಅವನಿಗಿರಲಿಲ್ಲ. ಭೇಟಿಯ ದಿನ ಅವನ ಹೆಂಡತಿ ನಮ್ಮ ಕಿಟಕಿಗೆ ಬರುತ್ತಿದ್ದಳು.

"ಜಡ್ಜ್ ಸಾಹೇಬ್ರು ಬುಡಿ ಅಂದವ್ರಲ್ಲ, ಇನ್ನೂ ಯಾಕ್ರವ್ವಾ ಬುಟ್ಟಿಲ್ಲ?"

ನಾನು ಫೈಲಿನೊಳಗೆ ಮುಖ ಹುದುಗಿಸಿಕೊಳ್ಳುತ್ತಿದ್ದೆ.

ಆ ತಿಂಗಳು ಮೇಡಂ ತಃಖ್ತೆಯ ಅಂಚಿನಲ್ಲಿ ಕೆಂಪು ಶಾಯಿಯಿಂದ ಗೆರೆ ಎಳೆದು ಹೊಸದೊಂದು ಕಾಲಂ ಮಾಡಿದರು: ಜಾಮೀನು ಸಿಕ್ಕಿಯೂ ಒಳಗಿರುವವರು. ಸಾಹೇಬರು ಕಾಗದವನ್ನು ವಾಪಸ್ ಎಸೆದರು. ಮುಂದಿನ ತಿಂಗಳೂ ಮೇಡಂ ಗೆರೆ ಎಳೆದರು. ಈ ಸಲ ಮೆಮೊ ಬಂತು, ನಿಗದಿತ ನಮೂನೆಯನ್ನು ಮನಸೋ ಇಚ್ಛೆ ಬದಲಾಯಿಸಿದ್ದೇಕೆ ಎಂದು. ಅವರ ನಿವೃತ್ತಿಗೆ ಉಳಿದಿದ್ದದ್ದು ಒಂದೂವರೆ ವರ್ಷ. ಮೆಮೊ ಬಂದದ್ದು ಅವರಿಗೆ, ಪೆನ್ಷನ್ ನಿಯಮ ತೆಗೆದು ಓದಿದ್ದು ನಾನು!

"ಬಿಟ್ಬಿಡಿ ಮೇಡಂ, ಪೆನ್ಷನ್‌ಗೆ ಕುತ್ತು ಬಂದ್ರೆ?" ಎಂದೆ ಬಸ್ಸಿನಲ್ಲಿ.

"ನಾನ್ ಬುಟ್ಬುಟ್ರೆ, ಕಿಟಕಿ ತಾವ ಬರ್ತಾಳಲ್ಲ, ಆವಮ್ಮಂಗೆ ನೀನ್ ಉತ್ರ ಹೇಳ್ತೀಯಾ?"



ಜೈಲಿನ ತಪಾಸಣೆಗೆ ನ್ಯಾಯಾಧೀಶರು ಬಂದ ದಿನ, ಮೇಡಂ ಮತ್ತೆ ಗೆರೆ ಎಳೆದಿದ್ದ ತಃಖ್ತೆ ಮೇಜಿನ ಮೇಲಿತ್ತು; ಆ ಕಾಲಂ ಅವರ ಕಣ್ಣಿಗೆ ಬಿತ್ತು. ಇದೇನು ಎಂದು ಕೇಳಿದರು. ಸಾಹೇಬರು ಗೋಡೆ ನೋಡಿದರು. ಮೇಡಂ ಎದ್ದು ನಿಂತು, ಒಂದು ಚೀಟಿಯನ್ನೂ ನೋಡದೆ, ಒಬ್ಬೊಬ್ಬರ ಹೆಸರು, ಊರು, ಜಾಮೀನಾದ ದಿನ ಎಲ್ಲವನ್ನೂ ಹೇಳುತ್ತಾ ಹೋದರು. ಅಂಥವರ ಕೈಕೆಳಗೆ ಕೆಲಸ ಕಲಿತೆ ಎಂದು ಹೇಳಿಕೊಳ್ಳಲು ನನಗೆ ಇವತ್ತಿಗೂ ಎದೆಯುಬ್ಬುತ್ತದೆ.

ಕೆಲವೇ ದಿನಗಳಲ್ಲಿ, ಇಂಥವರಿಗೆ ಶ್ಯೂರಿಟಿ ಬೇಡ, ಸ್ವಂತ ಮುಚ್ಚಳಿಕೆ ಬರೆದುಕೊಟ್ಟರೆ ಸಾಕು ಎಂಬ ಆದೇಶ ಕೋರ್ಟಿನಿಂದ ಬಂತು. ಕಡಕೊಳದವನು ಹೊರಟ ದಿನ ಅವನ ಹೆಂಡತಿ ಗೇಟಿನ ಹತ್ತಿರವೇ ನಿಂತಿದ್ದಳು. ಗಂಡನ ಜೊತೆ ನಾಲ್ಕು ಹೆಜ್ಜೆ ಹೋದವಳು ತಿರುಗಿ ಬಂದು ಕಿಟಕಿಗೆ ಕೈಮುಗಿದಳು. ಆ ತಿಂಗಳ ಒಟ್ಟು, ನಾನು ಸೇರಿದ ಮೇಲೆ ಮೊದಲ ಸಲ ಇಳಿದಿತ್ತು.

ಮೇಡಂ ತೀರಿಕೊಂಡು ಮೂರು ವರ್ಷವಾಯಿತು. ಅವರ ಕುರ್ಚಿಯಲ್ಲಿ ಈಗ ನಾನಿದ್ದೇನೆ. ಅವರಿಲ್ಲದ ಕಚೇರಿ ನನಗೆ ಇನ್ನೂ ಒಗ್ಗಿಲ್ಲ. ಕಂಪ್ಯೂಟರಿನ ನಮೂನೆಯಲ್ಲಿ ಆ ಕಾಲಂ ಈಗ ತಾನಾಗಿ ಬರುತ್ತದೆ. ಹೊಸದಾಗಿ ಸೇರಿದವರು ಅದು ಮೊದಲಿಂದಲೂ ಇತ್ತು ಎಂದುಕೊಂಡಿದ್ದಾರೆ. ಹೋದ ವಾರ ಹಳೆಯ ಫೈಲುಗಳನ್ನು ವಿಲೇವಾರಿ ಮಾಡುವಾಗ ನಮ್ಮ ಮೇಡಂಗೆ ಕೊಟ್ಟಿದ್ದ ಮೆಮೊ ಸಿಕ್ಕಿತು.

"ಹೋದೋರ್ ಮೇಲೆ ಕಪ್ಪುಚುಕ್ಕೆ ಯಾಕೆ ಮೇಡಂ, ಹರಿದಾಕ್ಬುಡಾಣ," ಎಂದರು ಜೊತೆಯಲ್ಲಿದ್ದವರು.

ಬೇಡ ಎಂದೆ. ಆ ಗೆರೆ ಎಳೆದವರು ನಮ್ಮ ಮೇಡಂ ಎಂದು ಹೇಳುವ ಕಾಗದ ಇಡೀ ಕಚೇರಿಯಲ್ಲಿ ಅದೊಂದೇ.