ರಾಸಾತಿಯನ್ನು ಹುಡುಕಲು ಹೋದ ಸುಮಿತಾ

ಕೋಲಾರದ ಚಿನ್ನದ ಗಣಿ ಸೀಮೆಯಲ್ಲಿ, ನಂದಿದುರ್ಗ ಗಣಿಯ ಲೈನ್ ಮನೆಗಳಲ್ಲಿ ಬೆಳೆದ ಸುಮಿತಾಳಿಗೆ ಮೂರು ಭಾಷೆ ಬರುತ್ತಿತ್ತು. ಮೂರನ್ನೂ ಬೆರೆಸದೆ ಒಂದು ಮಾತು ಮುಗಿಸುವುದು ಮಾತ್ರ ಬರುತ್ತಿರಲಿಲ್ಲ. ಅಪ್ಪ ರಾಜ್‌ಕುಮಾರ್ ತಮಿಳಿನವನು. ಗಣಿ ಮುಚ್ಚಿದ ಮೇಲೆ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಯಾವುದೋ ಅಪಾರ್ಟ್‌ಮೆಂಟಿನ ಗೇಟು ಕಾಯುತ್ತಿದ್ದ. ಅಮ್ಮ ನಾರಾಯಣಮ್ಮ ಕಾಮಸಮುದ್ರದ ಕಡೆಯ ಹಳ್ಳಿಯವಳು. ಗಂಡನ ಹಿಂದೆ ಚರ್ಚಿಗೆ ಹೋದವಳಲ್ಲ. ಗೋಡೆಯ ಮೇಲೆ ಯೇಸುವಿನ ಪಟದ ಪಕ್ಕದಲ್ಲೇ ತನ್ನ ಮನೆದೇವರನ್ನೂ ನೇತುಹಾಕಿ, ಒಂದೇ ಊದುಬತ್ತಿಯಲ್ಲಿ ಇಬ್ಬರನ್ನೂ ಸುಧಾರಿಸುತ್ತಿದ್ದಳು.

ಸುಮಿತಾ ಮಾತ್ರ ಅಪ್ಪನ ಚರ್ಚಿನ ಹುಡುಗಿ. ವಾರವಿಡೀ ರಾಬರ್ಟ್‌ಸನ್‌ಪೇಟೆಯ ಬಟ್ಟೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವಳು, ಭಾನುವಾರ ಮಕ್ಕಳಿಗೆ ಹಾಡು ಕಲಿಸುವಳು. ಅವಳಲ್ಲಿ ಒಂದು ಗುಣವಿತ್ತು: ಯಾರಾದರೂ ಮಾತಿಗೆ ಕೂತರೆ ಅವಳು ನಡುವೆ ಎದ್ದು ಹೋಗುತ್ತಿರಲಿಲ್ಲ. ಸೀರೆ ಕೊಳ್ಳಲು ಬಂದವರು ಸೀರೆ ಕೊಳ್ಳದೆ, ಸೊಸೆಯ ಕಥೆ ಹೇಳಿ ಅತ್ತು ಹೋಗುವುದಿತ್ತು. ಸಾಹುಕಾರ ಗೊಣಗುತ್ತಿದ್ದ.

ಆ ವರ್ಷ ಬೆಂಗಳೂರಿನ ದೊಡ್ಡ ಚರ್ಚೊಂದು ಇವರ ಯುವಕರ ಸಂಘವನ್ನು ಶ್ರೀಲಂಕಾಕ್ಕೆ ಸೇವಾಯಾತ್ರೆಗೆ ಕಳಿಸಲು ಮುಂದೆ ಬಂತು. ಅಲ್ಲಿನ ಚಹಾ ತೋಟದ ಕೂಲಿಗಳೂ ತಮಿಳಿನವರೇ; ಅವರ ಮಕ್ಕಳ ಬಾಲವಾಡಿಗೆ ಬಣ್ಣ ಬಳಿಯುವುದು, ಹಾಡು ಕಲಿಸುವುದು, ಪ್ರಾರ್ಥನೆ ಮಾಡುವುದು. ಸಂಘದ ಮುಂದಾಳು ವಿಜಯಕುಮಾರ್ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ, ಉತ್ಸಾಹದ ಮನುಷ್ಯ. ತಮಿಳು ಬರುವ, ಹಾಡಲು ಬರುವ ಸುಮಿತಾಳ ಹೆಸರನ್ನು ಮೊದಲೇ ಸೇರಿಸಿಬಿಟ್ಟಿದ್ದ.

ನಾರಾಯಣಮ್ಮ ಕೇಳಿದಳು: "ಅಷ್ಟು ದೂರ ಓಗಿ ಗ್ವಾಡೆಗೆ ಬಣ್ಣ ಬಳೀಬೇಕೇನೇ? ನಮ್ ಲೈನ್ ಗ್ವಾಡೆ ಸುಣ್ಣ ಕಂಡು ಏಸು ವರ್ಸ ಆತು, ನೋಡ್ದಾ?"

"ಮಕ್ಳಿಗೆ ಪಾಟ ಯೋಳ್ಕೊಡೋಕೂ ಓಗ್ತಿದೀವಮ್ಮ."

"ಆಗ್ಲಿ ಓಗ್ ಬಾ. ನಮ್ ಕಡೇರು ಸಮುದ್ರ ಕಣ್ಣಾಗೆ ಕಂಡಿಲ್ಲ, ನೀನು ದಾಟೇ ಬುಡು."

ಸಮುದ್ರವನ್ನು ಸುಮಿತಾ ವಿಮಾನದ ಕಿಟಕಿಯಿಂದ ಕಂಡಳು. ಆದರೆ ತೋಟ ಸೇರಿದಾಗ ಬೆರಗಾದದ್ದು ಬೇರೆ ಕಾರಣಕ್ಕೆ. ಬೆಟ್ಟದ ಮೈಗೆ ಅಂಟಿಕೊಂಡಿದ್ದ ಕೂಲಿಗಳ ಮನೆಗಳು ಥೇಟ್ ತಮ್ಮ ಲೈನ್ ಮನೆಗಳೇ. ಸಾಲಾಗಿ ಒಂದೊಂದೇ ಕೋಣೆ, ತಗಡಿನ ಮಾಡು, ಮುಂದೆ ಮೊಳದಗಲದ ಜಗಲಿ, ಊರಿಗೆಲ್ಲ ಒಂದು ನಲ್ಲಿ. ಹೆಸರೂ ಲೈನ್ ಎಂದೇ. ಬ್ರಿಟಿಷರು ಒಂದೇ ಸೀಮೆಯ ಜನರನ್ನು ಕರೆದೊಯ್ದು, ಕೆಲವರನ್ನು ನೆಲದೊಳಗೆ ಇಳಿಸಿದ್ದರು, ಕೆಲವರನ್ನು ಬೆಟ್ಟ ಹತ್ತಿಸಿದ್ದರು. "ಮನೆ ಬಿಟ್ಟು ಮನೆಗೇ ಬಂದಂಗಾತಲ್ಲೋ," ಎಂದು ವಿಜಯಕುಮಾರ್ ನಕ್ಕ. ಎಲ್ಲರೂ ನಕ್ಕರು.

ಬಾಲವಾಡಿಯ ಪಕ್ಕದ ಜಗಲಿಯಲ್ಲಿ ವಳ್ಳಿಯಮ್ಮ ಎಂಬ ಮುದುಕಿ ಕೂತಿರುತ್ತಿದ್ದಳು. ವಯಸ್ಸು ಎಂಬತ್ತು ದಾಟಿತ್ತು, ಕಣ್ಣಿಗೆ ಪೊರೆ ಬಂದಿತ್ತು. ಇಂಡಿಯಾದಿಂದ ಯಾರು ಬಂದರೂ ಅವಳದು ಒಂದೇ ಪ್ರಶ್ನೆ: "ನನ್ನ ಮಗಳು ರಾಸಾತಿಯನ್ನ ನೋಡಿದಿರಾ?"

ಕಥೆ ಅಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಎರಡು ಸರ್ಕಾರಗಳು ತೋಟದ ತಮಿಳರನ್ನು ಹಂಚಿಕೊಂಡ ಕಾಲ. ಕೆಲವರಿಗೆ ಇಂಡಿಯಾಕ್ಕೆ ಹೋಗುವ ಕಾಗದ ಬಂತು, ಕೆಲವರಿಗೆ ಇಲ್ಲೇ ಉಳಿಯುವ ಕಾಗದ. ಮನೆಯಲ್ಲಿ ಹೊಟ್ಟೆಗಿರಲಿಲ್ಲ. ಇಂಡಿಯಾದ ಕಾಗದ ಸಿಕ್ಕಿದ್ದ ಒಬ್ಬ ಹುಡುಗನಿಗೆ ವಳ್ಳಿಯಮ್ಮ ಹದಿನಾರರ ಮಗಳನ್ನು ಅವಸರದಲ್ಲಿ ಧಾರೆ ಎರೆದು ಕಳಿಸಿದಳು. ಅಲ್ಲಾದರೂ ಉಣ್ಣಲಿ ಎಂದು. ಆಮೇಲೆ ಎರಡೋ ಮೂರೋ ಸಲ ಸುದ್ದಿ ಬಂತು, ಕರ್ನಾಟಕದಲ್ಲಿ ಸುಳ್ಯ ಎಂಬಲ್ಲಿ ರಬ್ಬರ್ ತೋಟದಲ್ಲಿದ್ದೇವೆ ಎಂದು. ಅಷ್ಟೆ. ನಲವತ್ತು ವರ್ಷದ ಮೇಲಾಯಿತು.

ವಿಜಯಕುಮಾರ್ ಮುದುಕಿಯ ತಲೆಯ ಮೇಲೆ ಕೈಯಿಟ್ಟು ಕಣ್ಣೀರು ಬರುವಂತೆ ಪ್ರಾರ್ಥಿಸಿದ. ಅವಳು ಕೈಮುಗಿದು ಕೇಳಿಸಿಕೊಂಡು, ಮುಗಿದ ಮೇಲೆ ಹೇಳಿದಳು: "ಪ್ರತಿ ವರ್ಷ ಬಂದವರು ಪ್ರಾರ್ಥನೆ ಮಾಡಿ ಹೋಗ್ತಾರಪ್ಪ. ಯಾರಾದರೂ ಹೋಗಿ ನೋಡಿಕೊಂಡು ಬರ್ತೀರಾ?"

"ನಾನು ಹೋಗಿ ನೋಡ್ತೀನಿ ಪಾಟಿ," ಅಂದಳು ಸುಮಿತಾ, ಅಜ್ಜಿಯನ್ನು ತಮಿಳಿನಲ್ಲೇ ಕರೆದು.

ಅಂದಿನಿಂದ ಬಣ್ಣದ ಕೆಲಸ ಮುಗಿಸಿ ಸುಮಿತಾ ಜಗಲಿಯಲ್ಲೇ ಕೂರತೊಡಗಿದಳು. ವಳ್ಳಿಯಮ್ಮ ಹೇಳಿದ್ದೇ ಹೇಳಿದ್ದು: ರಾಸಾತಿಗೆ ಹಲಸಿನ ಬೀಜ ಸುಟ್ಟು ತಿನ್ನುವ ಚಾಳಿ, ಎಡಗಿವಿಯ ಹಿಂದೆ ಮಚ್ಚೆ, ಸೌದೆ ತರಲು ಹೋಗಿ ಜಿಗಣೆ ಕಂಡು ಅರಚಿದ್ದು. ರೈಲು ಹತ್ತಿಸುವಾಗ ಹುಡುಗಿ ತಾಯಿಯ ಸೆರಗು ಬಿಡಲಿಲ್ಲವಂತೆ. "ಅವಳ ಬೆರಳು ಒಂದೊಂದಾಗಿ ನಾನೇ ಬಿಡಿಸಿದೆ," ಎನ್ನುತ್ತ ಮುದುಕಿ ಸುಮಿತಾಳ ಬೆರಳುಗಳನ್ನು ಹಿಡಿದು ಬಿಡಿಸಿ ತೋರಿಸಿದಳು. ಹೊರಡುವ ದಿನ ತಂಡದವರೆಲ್ಲ ಅವಳ ಜೊತೆ ಫೋಟೋ ತೆಗೆಸಿಕೊಂಡರು. ಬಾಲವಾಡಿಯ ಟೀಚರಮ್ಮ ತನ್ನ ಫೋನ್ ನಂಬರನ್ನು ಸುಮಿತಾಳಿಗೆ ಕೊಟ್ಟಳು.

ಊರಿಗೆ ಬಂದ ಮೇಲೆ ಸಂಘದವರು ಮತ್ತೆ ತಂತಮ್ಮ ಕೆಲಸಕ್ಕೆ ಬಿದ್ದರು. ಸುಮಿತಾ ರಜೆಗಾಗಿ ಸಾಹುಕಾರನನ್ನು ಕಾಡಿಸಿ ಕಾಡಿಸಿ, ಬೇಸಗೆಯಲ್ಲಿ ಸುಳ್ಯಕ್ಕೆ ಹೊರಟಳು. ಒಬ್ಬಳನ್ನೇ ಬಿಡಲಾರದೆ ನಾರಾಯಣಮ್ಮನೂ ಬುತ್ತಿ ಕಟ್ಟಿಕೊಂಡು ಜೊತೆಗೆ ಬಂದಳು. ಬಂಗಾರಪೇಟೆಯಲ್ಲಿ ರೈಲು, ಬೆಂಗಳೂರಿನಲ್ಲಿ ಬಸ್ಸು. ರಬ್ಬರ್ ತೋಟದ ಕಾಲೊನಿಯಲ್ಲಿ ಇಳಿದು ಮೊದಲು ಕಂಡ ಗೂಡಂಗಡಿಯಲ್ಲಿ ವಿಚಾರಿಸಿದರು.

"ಸಿಲೋನಿನ ರಾಸಾತಿಯಾ? ಆ ಶೆಡ್ಡಿನ ಹತ್ರ ಹಾಲು ಅಳೆಯುತ್ತಾ ಇದ್ದಾರೆ ನೋಡಿ," ಎಂದ ಅಂಗಡಿಯವನು.

ಅಷ್ಟು ಸಲೀಸಾಗಿ. ನಲವತ್ತು ವರ್ಷದಲ್ಲಿ ಯಾರಾದರೂ ಒಮ್ಮೆ ಬಂದು ಕೇಳಿದ್ದರೆ ಸಾಕಿತ್ತು.

ರಾಸಾತಿ ಮೈಕೈ ಗಟ್ಟಿಯಾದ, ತಲೆ ಪೂರ್ತಿ ನರೆತ ಹೆಂಗಸು. ಗಂಡ ತೀರಿಕೊಂಡಿದ್ದ, ಮಗ-ಸೊಸೆಯ ಜೊತೆ ಇದ್ದಳು. ರಬ್ಬರ್ ಹಾಲಿನ ಬಕೆಟ್ಟು ಕೆಳಗಿಡದೆಯೇ ಸುಮಿತಾ ಹೇಳಿದ್ದೆಲ್ಲ ಕೇಳಿದಳು.

"ಇನ್ನೂ ಇದ್ದಾಳಾ?" ಎಂದಳು.

"ಇದ್ದಾರೆ. ದಿನಾ ನಿಮ್ಮನ್ನೇ ಕೇಳ್ತಾರೆ."

"ನಾನು ಕೇಳಿಲ್ಲ," ಎಂದು ರಾಸಾತಿ ಬಕೆಟ್ಟು ಬಗ್ಗಿಸಿ ಹಾಲು ಸುರಿದಳು. "ಅಣ್ಣನನ್ನ ಇಟ್ಟುಕೊಂಡು ನನ್ನ ಕಳಿಸಿದಳು. ಗುರುತಿಲ್ಲದವನ ಜೊತೆ. ಇಲ್ಲಿ ಬಂದ ಮೇಲೂ ಹಸಿವು ಏನು ತಪ್ಪಲಿಲ್ಲ. ಸುದ್ದಿ ಕಳಿಸೋದು ನಾನೇ ನಿಲ್ಲಿಸಿದೆ. ಸತ್ತೆ ಅಂದುಕೊಳ್ಳಲಿ ಅಂತ."

ಮಗಳು ಎಲ್ಲೋ ಕಷ್ಟದಲ್ಲಿರಬಹುದು, ತೀರಿಹೋಗಿರಲೂಬಹುದು ಎಂದು ಸುಮಿತಾ ಯೋಚಿಸಿದ್ದಳು. ಬೇಕೆಂದೇ ದೂರವಾಗಿರಬಹುದು ಎಂದು ಹೊಳೆದಿರಲಿಲ್ಲ. ಆಗ ನಾರಾಯಣಮ್ಮ ಮುಂದೆ ಬಂದಳು.

"ಕ್ವಾಪ ಇದ್ರೆ ಎದ್ರುಗೇ ಬೈದ್ಬುಡು ತಾಯಿ. ಅವ್ಳು ಕಣ್ಮುಚ್ಚಿದ್ ಮ್ಯಾಲೆ ಯಾರ್ನ ಬೈತೀಯ?"

ರಾಸಾತಿ ಬರಿದಾದ ಬಕೆಟ್ಟನ್ನು ಬೋರಲು ಹಾಕಿದಳು. ಆಮೇಲೆ, "ಊಟ ಮಾಡಿದಿರಾ?" ಎಂದು ಕೇಳಿ ಇಬ್ಬರನ್ನೂ ಮನೆಗೆ ಕರೆದೊಯ್ದಳು. ಊಟದ ಮಧ್ಯೆ, ಯಾರೂ ಕೇಳದಿದ್ದರೂ, "ಬೆಳಿಗ್ಗೆ ಮಾತಾಡ್ತೀನಿ," ಅಂದಳು. ಸುಮಿತಾ ಸಂತೋಷ ತಾಳಲಾರದೆ, ಸಿಗ್ನಲ್ ಸಿಗುವ ನೀರಿನ ಟ್ಯಾಂಕಿನ ದಿಣ್ಣೆಗೆ ರಾತ್ರಿಯೇ ಹೋಗಿ ಟೀಚರಮ್ಮನಿಗೆ ತಿಳಿಸಿ, ಸಂಘದ ವಾಟ್ಸ್ಯಾಪ್ ಗುಂಪಿಗೆ 'ರಾಸಾತಿ ಸಿಕ್ಕಿದರು, ನಾಳೆ ತಾಯಿ ಜೊತೆ ಮಾತಾಡುತ್ತಾರೆ' ಎಂದು ಸುದ್ದಿ ಹಾಕಿದಳು.

ಬೆಳಿಗ್ಗೆ ಮೂವರೂ ಅದೇ ದಿಣ್ಣೆ ಹತ್ತಿದರು. ರಾಸಾತಿ ಸ್ನಾನ ಮಾಡಿ, ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಸೀರೆ ಉಟ್ಟು, ಹೂವು ಮುಡಿದು ಬಂದಿದ್ದಳು. ಬೈಯಲು ಬಂದವಳ ಹಾಗೆ ಕಾಣಲಿಲ್ಲ. ಸುಮಿತಾ ವಿಡಿಯೋ ಕರೆ ಮಾಡಿದಳು; ಆ ಕಡೆ ಟೀಚರಮ್ಮ ವಳ್ಳಿಯಮ್ಮನ ಮುಖದ ಹತ್ತಿರ ಫೋನ್ ಹಿಡಿದಳು.

"ಅಮ್ಮಾ," ಎಂದಳು ರಾಸಾತಿ. ದನಿ ಒಡೆಯಿತು.

ಮುದುಕಿ ಪರದೆಗೆ ಕಣ್ಣು ತಾಗುವಷ್ಟು ಬಗ್ಗಿದಳು. "ಯಾರಿದು?"

"ನಾನಮ್ಮಾ. ರಾಸಾತಿ."

"ರಾಸಾತಿ ಎಲ್ಲಿ? ಕರೀರಿ ಅವಳನ್ನ. ಈ ಮುದುಕಿ ಯಾರು?"

ಸುಮಿತಾ ನಡುವೆ ಬಾಯಿ ಹಾಕಿದಳು: "ಪಾಟಿ, ಇವರೇ ನಿಮ್ಮ ಮಗಳು. ವಯಸ್ಸಾಗಿದೆ ಅಷ್ಟೆ."

"ನನ್ನ ಮಗಳ ಗುರುತು ನನಗಿಲ್ಲವಾ? ಅವಳಿಗೆ ಕಪ್ಪು ಕೂದಲು, ಮೊಣಕಾಲು ಮುಟ್ಟುತ್ತೆ."

ರಾಸಾತಿ ಫೋನನ್ನು ಕಿತ್ತುಕೊಂಡಂತೆ ತೆಗೆದುಕೊಂಡಳು. ಕಿವಿ ಮಡಿಚಿ ಮಚ್ಚೆ ತೋರಿಸಿದಳು. ಆ ಕಣ್ಣಿಗೆ ಅದು ಕಾಣಲಿಲ್ಲ. ಹಲಸಿನ ಬೀಜ ಎಂದಳು, ಜಿಗಣೆ ಎಂದಳು. ಕೊನೆಗೆ, "ಸ್ಟೇಷನ್ನಿನಲ್ಲಿ ನನ್ನ ಬೆರಳು ಬಿಡಿಸಿದೆಯಲ್ಲಮ್ಮಾ, ಒಂದೊಂದಾಗಿ, ಅದೂ ಮರೆತೆಯಾ?" ಎಂದು ಕೂಗಿದಳು.

ವಳ್ಳಿಯಮ್ಮ ಹಿಂದಕ್ಕೆ ಸರಿದು ಕೂತಳು. ಕೋಪವಿಲ್ಲದ, ದಣಿದ ದನಿಯಲ್ಲಿ ಹೇಳಿದಳು: "ಇದೆಲ್ಲ ನಾನು ಸುಮಿತಾಗೆ ಹೇಳಿದ್ದೆ. ಅವಳು ಈ ಅಮ್ಮನಿಗೆ ಹೇಳಿಕೊಟ್ಟಿದ್ದಾಳೆ. ಮಗೂ, ನನ್ನ ಸಮಾಧಾನಕ್ಕೆ ಮಾಡಿದೆ, ಗೊತ್ತು. ನೀನು ಒಳ್ಳೆಯವಳು. ಆದರೆ ಹೀಗೆ ಮಾಡಬೇಡ. ನನ್ನ ಹುಡುಗಿಯನ್ನ ಹುಡುಕು."

ರಾಸಾತಿಯೇ ಫೋನ್ ಕತ್ತರಿಸಿದಳು. ಹೂವನ್ನು ಕೂದಲಿನಿಂದ ಎಳೆದು ಟ್ಯಾಂಕಿನ ಕಟ್ಟೆಯ ಮೇಲಿಟ್ಟು, ಯಾರನ್ನೂ ನೋಡದೆ ದಿಣ್ಣೆ ಇಳಿದಳು. ಅವಳಿಗೆ ಅರ್ಧ ದಿನದ ಟ್ಯಾಪಿಂಗ್, ಮರ ಗೀರಿ ಹಾಲು ಇಳಿಸುವ ಕೆಲಸ, ಬಾಕಿಯಿತ್ತು.

ಬಸ್ಸಿನಲ್ಲಿ ಸುಮಿತಾ ಮುಸುಮುಸು ಅಳುತ್ತಿದ್ದಳು. ನಾರಾಯಣಮ್ಮ ಬರಿದಾದ ಬುತ್ತಿಯ ಬಟ್ಟೆ ಮಡಿಚುತ್ತ, "ಆ ಯಮ್ಮನ್ನ ನಾನೇ ಒಪ್ಸಿದ್ನಲ್ಲೇ," ಎಂದಳು.

ಸಂಘದ ಗುಂಪಿನಲ್ಲಿ ಅಷ್ಟರಲ್ಲಿ ಸ್ತೋತ್ರಗಳ ಮೇಲೆ ಸ್ತೋತ್ರ ಬಂದಿದ್ದವು. ಭಾನುವಾರ ಆರಾಧನೆಯಲ್ಲಿ ವಿಜಯಕುಮಾರ್, ದೇವರು ನಮ್ಮ ಯಾತ್ರೆಯ ಮೂಲಕ ತಾಯಿ ಮಗಳನ್ನು ಸೇರಿಸಿದ್ದಾನೆ, ಸಹೋದರಿ ಸುಮಿತಾ ಬಂದು ಸಾಕ್ಷಿ ಹೇಳಲಿ ಎಂದು ಕರೆದ. ನಿಜ ತಿಳಿಸಲು ಅವಳಿಗೆ ಮನಸ್ಸೇ ಬಂದಿರಲಿಲ್ಲ. ಮೈಕಿನ ಮುಂದೆ ನಿಂತು, "ಮಗಳು ಸಿಕ್ಕಿದ್ರು. ತಾಯಿ ಒಪ್ಪಲಿಲ್ಲ," ಎಂದಳು. ಅಷ್ಟು ಹೇಳಿ ಇಳಿದು ಬಂದಳು. ಕೀಬೋರ್ಡಿನವನು ತಡಮಾಡದೆ ಹಾಡು ಎತ್ತಿಕೊಂಡ. ಹೊರಗೆ ಬಂದಾಗ ವಿಜಯಕುಮಾರ್, "ನಂಗೆ ಗೊತ್ತಿರಲಿಲ್ಲ ಕಣಮ್ಮ. ಕೇಳ್ಬೇಕಿತ್ತು," ಎಂದು ತಲೆ ತಗ್ಗಿಸಿ ನಿಂತಿದ್ದ. ಸುಮಿತಾಳಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ.

ಮಳೆಗಾಲದಲ್ಲಿ ಟೀಚರಮ್ಮನಿಂದ ಧ್ವನಿ ಸಂದೇಶ ಬಂತು. ವಳ್ಳಿಯಮ್ಮ ತೀರಿಕೊಂಡಿದ್ದಳು. 'ಕೋಲಾರದ ಹುಡುಗಿ ಹುಡುಕ್ತಾ ಇದ್ದಾಳಲ್ಲ, ಸಿಗ್ತಾಳೆ ಬಿಡು' ಎಂದು ಕೊನೆಯವರೆಗೂ ಎಲ್ಲರಿಗೂ ಹೇಳುತ್ತಿದ್ದಳಂತೆ.

ಅಂಗಡಿಯ ಹಿಂದಿನ ಉಗ್ರಾಣದಲ್ಲಿ, ಸೀರೆಯ ಪೆಟ್ಟಿಗೆಗಳ ನಡುವೆ ನಿಂತು ಸುಮಿತಾ ರಾಸಾತಿಗೆ ಫೋನ್ ಮಾಡಿದಳು. ವಿಷಯ ಕೇಳಿ ರಾಸಾತಿ ಅಳಲಿಲ್ಲ.

"ಇಷ್ಟು ವರ್ಷ ನಾನು ಕೋಪ ಇಟ್ಟುಕೊಂಡು ಚೆನ್ನಾಗೇ ಇದ್ದೆ ಕಣಮ್ಮ," ಎಂದಳು. "ಅವಳು ನನ್ನ ಬಿಟ್ಟಳು, ನಾನು ಅವಳನ್ನ ಬಿಟ್ಟೆ, ಲೆಕ್ಕ ಸರಿ ಅಂತ. ನೀನು ಬಂದು ಅದನ್ನೂ ತಗೊಂಡು ಹೋದೆ. ಈಗ ನನ್ನ ಹತ್ರ ಏನಿದೆ ಹೇಳು?"

"ತಪ್ಪಾಯ್ತಕ್ಕ," ಎಂದಳು ಸುಮಿತಾ.

"ತಪ್ಪು ಅಂತ ಯಾರು ಹೇಳಿದರು?" ರಾಸಾತಿ ಮುಂದುವರಿದು ಕೇಳಿದಳು: "ಮಣ್ಣು ಹಾಕೋವಾಗ ಅಣ್ಣ ಇದ್ದನಾ?"

"ಗೊತ್ತಿಲ್ಲ. ಕೇಳ್ತೀನಿ."

"ಬೇಡ. ಇನ್ನು ಏನೂ ಕೇಳಬೇಡ."

ಆಮೇಲೆ ರಾಸಾತಿ ಅವಳ ಕರೆ ತೆಗೆದುಕೊಳ್ಳಲಿಲ್ಲ. ಒಮ್ಮೆ ಸೊಸೆ ಎತ್ತಿ, ಅತ್ತೆ ಕೆಲಸಕ್ಕೆ ಹೋಗಿದ್ದಾರೆ, ಚೆನ್ನಾಗಿದ್ದಾರೆ ಎಂದಷ್ಟೇ ಹೇಳಿದಳು. ಮುಂದಿನ ವರ್ಷ ಸಂಘ ನೇಪಾಳಕ್ಕೆ ಹೊರಟಿತು. ವಿಜಯಕುಮಾರ್ ಕರೆಯಲು ಮನೆಗೇ ಬಂದ. ಸುಮಿತಾ ಅವನಿಗೆ ಚಹಾ ಕೊಟ್ಟು, ಬರುವುದಿಲ್ಲ ಎಂದಳು.

ಮಕ್ಕಳಿಗೆ ಹಾಡು ಕಲಿಸುವುದನ್ನು ಅವಳು ಬಿಟ್ಟಿಲ್ಲ. ಅಂಗಡಿಯ ಕೆಲಸವೂ ಇದೆ. ಆದರೆ ಗಿರಾಕಿಗಳು ಮನೆಯ ಕಷ್ಟ ತೆಗೆದರೆ ಅವಳೀಗ ಇನ್ನೊಂದು ಸೀರೆ ಬಿಚ್ಚಿ ಹರವುತ್ತಾಳೆ. "ಇದ್ರಲ್ಲೇ ನೀಲಿ ಇದೆ, ನೋಡ್ತೀರಾ?" ಎನ್ನುತ್ತಾಳೆ. ವ್ಯಾಪಾರ ಕಲಿತಳು ಎಂದು ಸಾಹುಕಾರನಿಗೆ ಸಂತೋಷ.