ಗೋಡೆಯ ಆಚೆ ಬದಿಯವನು

ಕಿಟ್ ಹಾರ್ಕರ್ ಸ್ವೇಲ್ ಕಣಿವೆಯಲ್ಲಿ ಕಲ್ಲಿನ ಗೋಡೆ ಕಟ್ಟುತ್ತಿದ್ದವನು. ಗಾರೆ ಇಲ್ಲದ ಗೋಡೆ. ಒಬ್ಬ ಈ ಬದಿ, ಒಬ್ಬ ಆ ಬದಿ ನಿಂತು ಕಟ್ಟಬೇಕು. ಮೂವತ್ತೊಂದು ವರ್ಷ ಆಚೆ ಬದಿ ಅವನು, ಈಚೆ ಬದಿ ನಾನು. ಮಾತು ಇಬ್ಬರಿಗೂ ಕಡಿಮೆ.

ಮಾರ್ಚಿನಲ್ಲಿ ಅವನಿಗೆ ಲಕ್ವ ಹೊಡೆಯಿತು. ಕಾಲು ಸರಿಹೋಯಿತು, ಮಾತು ಸರಿಹೋಗಲಿಲ್ಲ. ಬಂದ ನಾಲ್ಕು ಮಾತೂ ಅವನ ಅಮ್ಮ ಅಡುಗೆಮನೆಯಲ್ಲಿ ಆಡುತ್ತಿದ್ದ, ಈ ಕಣಿವೆಯ ಹಳೇ ಇಂಗ್ಲಿಷ್. ಶಾಲೆಯಲ್ಲಿ ಅದನ್ನು ಆಡಿದರೆ ಅಂಗೈಗೆ ಏಟು ಬೀಳುತ್ತಿತ್ತು. ಈಗ ಶಾಲೆಯ ಮಾತೆಲ್ಲ ಅಳಿಸಿಹೋಗಿ ಅದೊಂದೇ ಉಳಿದಿತ್ತು.

ಆಸ್ಪತ್ರೆಗೆ ದಕ್ಷಿಣದಿಂದ ಬಂದ, ನಮ್ಮ ಕಡೆಯ ಮಾತು ತಿಳಿಯದ ಮೇಡಂ ಪರೀಕ್ಷೆ ಮಾಡಿದರು. ಹತ್ತು ಪ್ರಶ್ನೆ, ಹೆಚ್ಚಿನವು ಚಿತ್ರ ನೋಡಿ ಹೆಸರು ಹೇಳುವಂಥವು. ಏಳು ಸರಿಯಾದರೆ ಮನೆಗೆ. ಇಲ್ಲದಿದ್ದರೆ ಪಟ್ಟಣದ ವೃದ್ಧಾಶ್ರಮಕ್ಕೆ. ಅಲ್ಲಿ ಬಾಗಿಲಿಗೆ ಬೀಗ, ಅವನ ನಾಯಿಗೆ ಜಾಗವಿಲ್ಲ. ಕಿಟ್‌ಗೆ ಇದು ಗೊತ್ತಿತ್ತು. ನಾನು ಬಾಯಿ ಬಿಡಬಾರದೆಂದು ಮೊದಲೇ ಹೇಳಿದ್ದರು.

ಏಣಿಯ ಚಿತ್ರಕ್ಕೆ "ಸ್ಟೀ" ಎಂದ. ತಪ್ಪು. ಬುಟ್ಟಿಗೆ "ಸ್ಕೆಪ್" ಎಂದ. ಅದೂ ತಪ್ಪು. ಜೇಡಕ್ಕೆ "ಅಟರ್‌ಕಾಪ್" ಎಂದಾಗ ಮೇಡಂ ಪಾಪ ಅನ್ನುವ ಹಾಗೆ ನೋಡಿದರು. ಇನ್ನು ಮೂರಕ್ಕೆ ಹೆಸರೇ ಹೊರಡಲಿಲ್ಲ. ಒಂಬತ್ತು ಮುಗಿದಾಗ ಮೂರೇ ಸರಿ.

ಕಿಟ್ ನನ್ನನ್ನು ನೋಡಿದ. ನನಗೆ ತಡೆಯಲಾಗಲಿಲ್ಲ.

"ಸರಿಯಾಗೇ ಹೇಳ್ತಿದಾನೆ ಮೇಡಂ. ಅವೆಲ್ಲ ಇಲ್ಲಿಯ ಹಳೇ ಹೆಸರು."

ಗೆಳೆಯರು ಹಾಗೆ ಹೇಳುವುದು ಸಹಜ ಎಂದರು ಮೇಡಂ. ವಾರ್ಡಿನ ಆ ತುದಿಯಲ್ಲಿ ನಮ್ಮ ಕಣಿವೆಯವಳೇ ಆದ, ಕಿವಿ ಕೇಳದ ಆನಿಸ್ ಅಜ್ಜಿ ಮಲಗಿದ್ದಳು. ಆ ಮೂರು ಚಿತ್ರ ಅವಳಿಗೆ ನೀವೇ ತೋರಿಸಿ ಎಂದು ಕಾಲು ಹಿಡಿಯುವವನ ಹಾಗೆ ಬೇಡಿಕೊಂಡೆ. ಹೋಗಿ ತೋರಿಸಿದರು. ಅಜ್ಜಿ ಮೂರಕ್ಕೂ ಅವೇ ಹೆಸರು ಹೇಳಿದಳು. ಮೇಲಿಂದ ಬೈದಳು.

"ಸ್ಟೀ ಗೊತ್ತಿಲ್ವೇನಮ್ಮ ನಿಂಗೆ? ಮತ್ತೆ ಅಟ್ಟ ಹೆಂಗೆ ಹತ್ತೀಯಾ, ಹಾರ್ಕೊಂಡಾ?"

ಮೇಡಂ ವಾಪಸ್ ಬಂದು ಆ ಮೂರನ್ನೂ ಸರಿ ಎಂದು ತಿದ್ದಿದರು. ಆರಾಯಿತು. ಉಳಿದದ್ದು ಒಂದು. ನನ್ನ ಕಡೆ ಬೆರಳು ತೋರಿಸಿ, ಇವರು ಯಾರು ಎಂದು ಕೇಳಿದರು.

ಕಿಟ್ ಬಾಯಿ ತೆರೆದ. ನನ್ನ ಹೆಸರು ಬರಲಿಲ್ಲ. ಮಂಚದ ಕಂಬಿ ಹಿಡಿದು ಹಿಂಡಿದ. ಕೊನೆಗೆ "ಮ್ಯಾರೋ" ಎಂದ.

"ಹಾಗಂದ್ರೆ?" ಮೇಡಂ ನನ್ನನ್ನೇ ಕೇಳಿದರು.

"ಜೊತೆಯವನು. ಒಂದು ಕೈಗವಸಿಗೆ ಇನ್ನೊಂದು ಇರುತ್ತಲ್ಲ, ಅದು. ಗೋಡೆ ಕಟ್ಟೋವಾಗ ಆಚೆ ಬದಿ ಇರೋನು."

ಅವರು ಕಾಗದವನ್ನು ನೋಡುತ್ತ ಕೂತರು. ಆಮೇಲೆ ಏಳು ಎಂದು ಬರೆದರು.

"ಮನೇಲಿ ಇವರ ಜೊತೆ ಯಾರಿರ್ತಾರೆ?"

"ನಾನು," ಎಂದೆ.

ಕಿಟ್ ಆಗಲೇ ಬಗ್ಗಿ ಮಂಚದ ಕೆಳಗೆ ಬೂಟು ಹುಡುಕುತ್ತಿದ್ದ.